ಗಾಲಿಕುರ್ಚಿಯಲ್ಲಿ ಗೇಟ್‌ವೇಗೆ

ಊರಿನಿಂದ ನೆಂಟರು ಬಂದರೆಂದರೆ ಖಾರಘರದ ನಮ್ಮ ಮನೆಗಳಲ್ಲಿ ಒಂದು ಭಾನುವಾರ ಗೇಟ್‌ವೇ ಆಫ್ ಇಂಡಿಯಾಕ್ಕೆ ಮೀಸಲು. ಅದರ ಸಾರಥ್ಯವೆಲ್ಲ ಈಗ ನಿಮ್ಮದೇ. ಗಾಡಿ, ಊಟ, ಫೋಟೋ, ಎಲ್ಲವನ್ನೂ ಮೊಬೈಲಿನಲ್ಲೇ ಹೊಂದಿಸಿಬಿಡುತ್ತೀರಿ. ಆದರೆ ಹೊರಡುವವರ ಲೆಕ್ಕ ಹಾಕುವಾಗ ಮನೆಯ ಒಬ್ಬರ ಹೆಸರು ಮೆಲ್ಲನೆ ಬಿಟ್ಟುಹೋಗುತ್ತದೆ. ಮೊಣಕಾಲು ಸೋತ ಅಜ್ಜಿ ಇರಬಹುದು, ಲಕ್ವ ಹೊಡೆದ ದೊಡ್ಡಪ್ಪ ಇರಬಹುದು. "ಅವರಿಗ್ಯಾಕೆ ತೊಂದರೆ ಆಂಟಿ, ಮನೆಯಲ್ಲೇ ಆರಾಮಾಗಿರಲಿ" ಎಂಬ ಮಾತನ್ನು ನಿಮ್ಮಲ್ಲಿ ಹಲವರ ಬಾಯಿಂದ ಕೇಳಿದ್ದೇನೆ. ಪ್ರೀತಿಯ ಮಾತೇ ಅದು, ಅಲ್ಲವೆನ್ನುವುದಿಲ್ಲ. ಆದರೆ ಆ ಆರಾಮ ಅವರಿಗೆ ಬೇಕೇ ಎಂದು ಕೇಳಿದ್ದೀರಾ?

ಧಾರವಾಡದಲ್ಲಿರುವ ನನ್ನ ಅಕ್ಕ ಯಾರಾದರೂ ಕೇಳಲಿ ಎಂದು ಕಾಯುವವಳಲ್ಲ. ಮೂರನೆಯ ವರ್ಷಕ್ಕೆ ಪೋಲಿಯೊ ತಗುಲಿದವಳು. ನೀವು ಈ ರೋಗವನ್ನು ಕಂಡಿರಲಾರಿರಿ. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯದು, 2014ರ ಮಾರ್ಚ್‌ನಲ್ಲಿ ಭಾರತವನ್ನು ಪೋಲಿಯೊಮುಕ್ತವೆಂದು ಸಾರಲಾಯಿತು. ಕ್ಯಾಲಿಪರ್ ಕಟ್ಟಿಕೊಂಡು, ಕೋಲು ಹಿಡಿದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಮೇಲೆ ಅವಳು ಗಾಲಿಕುರ್ಚಿಗೆ ಬಂದಳು. ಚಳಿಗಾಲದಲ್ಲಿ ನಮ್ಮ ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ: "ಮೂವತ್ತ ವರ್ಷ ಪುಲಿಕೇಶಿ ಪಾಠ ಮಾಡೀನಿ. ಅಂವನ ಹಡಗ ಹ್ವಾದ ನೀರ ಒಮ್ಮೆ ನೋಡಬೇಕಲ್ಲಾ?"

ಇದೇನು ಸಂಬಂಧ ಎನ್ನುತ್ತೀರಾ? ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿ ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ 'ಪುರಿ'ಯನ್ನು ಮುತ್ತಿದನೆಂದು ಅದು ಹೇಳುತ್ತದೆ. ಆ ಪುರಿ ಎಂದರೆ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿಯ ಘಾರಾಪುರಿ, ಅಂದರೆ ಎಲಿಫೆಂಟಾ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಮುಂಬಯಿಗೆ ಹೊಟ್ಟೆಪಾಡಿಗೆ ಬಂದ ಕನ್ನಡಿಗರ ಮಕ್ಕಳು ನೀವು. ನಮಗಿಂತ ಸಾವಿರದ ನಾನೂರು ವರ್ಷ ಮೊದಲೇ ಇಲ್ಲಿಗೆ ಬಂದವರ ಕಥೆ ನಿಮಗೆ ತಿಳಿದಿರಲಿ ಎಂದು ಹೇಳಿದೆ!

ಹೋಗುವುದು ಹೇಗೆ? ನಮ್ಮ ಹಾರ್ಬರ್ ಲೋಕಲ್‌ನಲ್ಲಿ ಪ್ರತ್ಯೇಕ ಡಬ್ಬಿಯೇನೋ ಇದೆ. ಆದರೆ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದು, ನಿಲ್ಲುವ ಅರೆಗಳಿಗೆ, ಇವೆರಡರಲ್ಲಿ ಕುರ್ಚಿಯನ್ನು ಎತ್ತಿ ಹಾಕುವುದು ಸುಲಭವಲ್ಲ. ಕಾರೇ ಸರಿ ಎಂದು ಮೊದಲು ಬಂದ ಗಾಡಿಯ ಡಿಕ್ಕಿ ತೆರೆದರೆ ಒಳಗೆ ಸಿ.ಎನ್.ಜಿ. ಸಿಲಿಂಡರ್ ಮಲಗಿತ್ತು. ಮಡಿಚುವ ಕುರ್ಚಿಗೂ ಅಲ್ಲಿ ಜಾಗವಿಲ್ಲ. ಎರಡನೆಯದರಲ್ಲಿ ಕುರ್ಚಿ ಮುಂದಿನ ಸೀಟಿನಲ್ಲಿ ಕುಳಿತಿತು, ನಾವು ಹಿಂದೆ. ಅಟಲ್ ಸೇತುವಿನ ಮೇಲೆ (2024ರ ಜನವರಿಯಲ್ಲಿ ತೆರೆದದ್ದು, ಉದ್ದ 21.8 ಕಿ.ಮೀ.) ಅಕ್ಕ ಮಾತೇ ಆಡಲಿಲ್ಲ. ಶಿವ್ಡಿ ಬಂದಾಗ, "ಇಷ್ಟರಾಗ ನಾ ಬಂದದ್ದು ಸಾರ್ಥಕ ಆತು, ಇನ್ನ ಉಳಿದದ್ದೆಲ್ಲಾ ಬೋನಸ್ಸು" ಎಂದಳು.

ಗೇಟ್‌ವೇ ಅಂಗಳದ ತಪಾಸಣೆಯ ಚೌಕಟ್ಟಿನಲ್ಲಿ ಕುರ್ಚಿ ಹಿಡಿಸಲಿಲ್ಲ. ಕಾವಲಿಗಿದ್ದ ಹೆಣ್ಣುಮಗಳು ಪಕ್ಕದ ಬ್ಯಾರಿಕೇಡ್ ಸರಿಸಿ ದಾರಿ ಬಿಟ್ಟಳು. 1924ರ ಡಿಸೆಂಬರ್ 4ರಂದು ತೆರೆದ ಆ ಕಮಾನನ್ನು ಅಕ್ಕ ಕತ್ತೆತ್ತಿ ನೋಡಿದಳು. 1948ರ ಫೆಬ್ರವರಿಯಲ್ಲಿ ಕೊನೆಯ ಬ್ರಿಟಿಷ್ ಪಡೆ ಇಲ್ಲಿಂದಲೇ ಹೊರಟಿತೆಂದು ಸುತ್ತಲಿದ್ದ ಮಕ್ಕಳಿಗೂ ಪಾಠ ಆಯಿತು. ಸಮತಟ್ಟಾದ ಅಂಗಳ, ಕುರ್ಚಿ ಸಲೀಸಾಗಿ ಓಡಾಡಿತು. ಆದರೆ ನಿಮಗೆ ಹೊಳೆಯದ ಒಂದು ಸಂಗತಿ ಹೇಳುತ್ತೇನೆ. ಕುಳಿತವರ ಕಣ್ಣು ನಿಂತವರ ಸೊಂಟದ ಮಟ್ಟಕ್ಕಿರುತ್ತದೆ. ಕಟ್ಟೆಯ ಉದ್ದಕ್ಕೂ ಜನ ಸೆಲ್ಫಿಗೆ ನಿಂತರೆ ಅವಳಿಗೆ ಕಾಣುವುದು ಸಮುದ್ರವಲ್ಲ, ಬೆನ್ನುಗಳು, ಕೈಚೀಲಗಳು! "ಜರಾ ಬಾಜೂಲಾ ವ್ಹಾ" ಎಂದು ಎಷ್ಟು ಸಲ ಹೇಳಿದೆನೋ.

ಚಹಾದವನು ನನ್ನ ಮುಖ ನೋಡಿ, "ಇನ್‌ಕೋ ಶಕ್ಕರ್ ಚಲೇಗಾ ಕ್ಯಾ?" ಎಂದು ಕೇಳಿದ. ಅಕ್ಕ ತಾನೇ ಉತ್ತರ ಕೊಟ್ಟು, ಆಮೇಲೆ ನನ್ನತ್ತ ತಿರುಗಿ, "ಕಾಲ ಹ್ವಾದ್ರ ಬಾಯೀನೂ ಹೋಗೇತೇನ?" ಎಂದಳು. ಕುರ್ಚಿ ತಳ್ಳುವವರನ್ನಷ್ಟೇ ಮಾತಾಡಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕೇಳದೆ ಕುರ್ಚಿಯ ಹಿಡಿಕೆಗೆ ಕೈ ಹಾಕುವುದೂ ಹಾಗೆಯೇ. ದಾರಿಯಲ್ಲಿ ಹೋಗುವ ನಿಮ್ಮ ಕೈಯನ್ನು ಅಪರಿಚಿತರು ಹಿಡಿದೆಳೆದರೆ ಹೇಗಿರುತ್ತದೆ, ಯೋಚಿಸಿ. ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಬರೆಯುತ್ತೇನೆ: ಅಕ್ಕ ಅಂದು ಬೆಳಗಿನಿಂದ ನೀರು ಕುಡಿದಿರಲಿಲ್ಲ. ಕುರ್ಚಿ ಹೋಗುವಂಥ ಶೌಚಾಲಯ ಸಿಗದಿದ್ದರೆ ಎಂಬ ಭಯ. ಹತ್ತಿರದ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತರೆ ಅಲ್ಲಿ ಶೌಚಾಲಯಕ್ಕೆ ಎರಡು ಮೆಟ್ಟಿಲು ಇಳಿಯಬೇಕಿತ್ತು. ಅವಳು ಹಪ್ಪಳವನ್ನೂ ಮುಟ್ಟಲಿಲ್ಲ, ದಾಹವಾಗುತ್ತದೆಂದು.

ಇನ್ನು ದೋಣಿಯ ಮಾತು. ಘಾರಾಪುರಿಯ ದೋಣಿ ಹತ್ತಲು ಕಲ್ಲಿನ ಮೆಟ್ಟಿಲು ಇಳಿಯಬೇಕು, ಕೆಲವೊಮ್ಮೆ ಒಂದು ದೋಣಿ ದಾಟಿ ಇನ್ನೊಂದಕ್ಕೆ ಕಾಲಿಡಬೇಕು. ನಾವು ಹೋದಾಗ ನೀರು ಇಳಿದಿತ್ತು, ಕೆಳಗಿನ ಮೆಟ್ಟಿಲುಗಳೆಲ್ಲ ಪಾಚಿ. ದೋಣಿಯ ಹುಡುಗರು ಒಳ್ಳೆಯವರು, "ಮೌಸಿ, ಉಠಾ ಲೇಂಗೆ" ಎಂದು ನಾಲ್ವರು ಮುಂದೆ ಬಂದರು. ಅಕ್ಕ ಮೆಟ್ಟಿಲನ್ನೊಮ್ಮೆ, ತೂಗುವ ದೋಣಿಯನ್ನೊಮ್ಮೆ ನೋಡಿದಳು. ಆ ಕಡೆ ಇಳಿದ ಮೇಲೆ ಹೇಗೆ ಎಂದು ವಿಚಾರಿಸಿದಳು. ಧಕ್ಕೆಯಿಂದ ಪುಟಾಣಿ ರೈಲು ಇದೆ, ಆಮೇಲೆ ಗುಹೆಗೆ ನೂರಿಪ್ಪತ್ತು ಮೆಟ್ಟಿಲು, ಡೋಲಿಯವರು ಹೊತ್ತೊಯ್ಯುತ್ತಾರೆ ಎಂದರು. "ಬ್ಯಾಡ" ಎಂದಳು. ಅಂಜಿಕೆಯಿಂದಲ್ಲ. "ಬರೂದು ಹೋಗೂದು ನಾಕು ಸಲ ಮೂಟೆಗತೆ ಎತ್ತಿಸಿಕೋಬೇಕು. ಶಿವನ ಮುಂದ ನಾ ನಾನಾಗಿ ಹೋಗಬೇಕು." ನಾನು ಒತ್ತಾಯಿಸಲಿಲ್ಲ.

ಮೆಟ್ಟಿಲ ಬದಲು ಒಂದು ರ‍್ಯಾಂಪ್ ಹಾಕಿದರಾಯಿತಲ್ಲ ಎನ್ನುತ್ತೀರಿ. ಅದು ಅಷ್ಟು ಸರಳವಲ್ಲ. ಕುರ್ಚಿಯ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಲೆಕ್ಕ. ಅಮಾವಾಸ್ಯೆ ಹುಣ್ಣಿಮೆಯ ದಿನಗಳಲ್ಲಿ ಇಲ್ಲಿ ಉಬ್ಬರ ಇಳಿತಗಳ ನಡುವೆ ನಾಲ್ಕು ಮೀಟರ್ ಅಂತರ ಬರುತ್ತದೆ, ಅದಕ್ಕೆ ಸುಮಾರು ಐವತ್ತು ಮೀಟರ್ ಇಳಿಜಾರು ಬೇಕು. ಅದಕ್ಕೇ ಹಲವು ಬಂದರುಗಳಲ್ಲಿ ತೇಲುವ ಕಟ್ಟೆ ಇರುತ್ತದೆ. ನೀರಿನ ಜೊತೆ ಅದೂ ಏರಿಳಿಯುತ್ತದೆ, ದೋಣಿಯ ಅಂಚಿಗೆ ಸಮನಾಗಿರುತ್ತದೆ. ಮನಸ್ಸಿದ್ದರೆ ದಾರಿ ಇಲ್ಲದಿಲ್ಲ. ಭಾವೂಚಾ ಧಕ್ಕಾದಿಂದ ಮಾಂಡ್ವಾಕ್ಕೆ 2020ರಿಂದ ರೋ-ರೋ ಹಡಗು ಹೋಗುತ್ತದಲ್ಲ, ಅದರೊಳಕ್ಕೆ ಕಾರುಗಳು ತಮ್ಮ ಗಾಲಿಯ ಮೇಲೇ ಉರುಳಿ ಹೋಗುತ್ತವೆ. ಕಾರಿನ ಗಾಲಿಗೆ ಸಿಕ್ಕಿದ ಮರ್ಯಾದೆ ಅಕ್ಕನ ಗಾಲಿಗೂ ಸಿಗಬಾರದೇ? ಚೆನ್ನೈಯ ಮರೀನಾದಲ್ಲಿ 2022ರ ನವೆಂಬರಿನಲ್ಲಿ ನೀರಿನ ಹತ್ತಿರದವರೆಗೆ 263 ಮೀಟರ್ ಮರದ ಹಾದಿ ಹಾಕಿದರು. ಮರುತಿಂಗಳೇ ಮಾಂಡೂಸ್ ಚಂಡಮಾರುತ ಅದನ್ನು ಕೆಡವಿತು. ಅದನ್ನು ಮತ್ತೆ ಸರಿಪಡಿಸಿದರು.

ಕಾನೂನೂ ಇದೆ, 2016ರದು. ಗಾಲಿಕುರ್ಚಿಯವರಿಗೆ ದಾರಿ ಮಾಡುವುದು ದಾನವಲ್ಲ, ಹಕ್ಕು ಎನ್ನುವ ಕಾನೂನು. ಅದರ ಅಡಿಯ ಕನಿಷ್ಠ ಮಾನದಂಡಗಳು ಕಡ್ಡಾಯವಾಗಿಯೇ ಇರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. 2023ರಲ್ಲಿ ಮುಂಬಯಿಯ ಒಬ್ಬ ಗಾಲಿಕುರ್ಚಿಯ ಯುವಕ ಫುಟ್‌ಪಾತ್‌ಗೆ ಅಡ್ಡ ನೆಟ್ಟ ಕಂಬಗಳ ಬಗ್ಗೆ ಒಂದು ಇ-ಮೇಲ್ ಬರೆದ. ಬಾಂಬೆ ಹೈಕೋರ್ಟ್ ಅದನ್ನೇ ಅರ್ಜಿಯೆಂದು ಕೈಗೆತ್ತಿಕೊಂಡಿತು. ಒಂದೇ ಇ-ಮೇಲ್! ದಿನಕ್ಕೆ ನೀವು ಎಷ್ಟು ಕಳಿಸುತ್ತೀರಿ?

ಅಕ್ಕ ಕಟ್ಟೆಯ ಒಂದು ಬಿಡುವಿನಲ್ಲಿ ಕುರ್ಚಿ ನಿಲ್ಲಿಸಿ, ಬ್ರೇಕ್ ಹಾಕಿ, ಒಂದು ತಾಸು ನೀರು ನೋಡಿದಳು. ನೀವು ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಜನ ಕಡಿಮೆ. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ಉಬ್ಬರದ ಹೊತ್ತನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ, ನೀರು ಏರಿದ್ದರೆ ಇಳಿಯಬೇಕಾದ ಮೆಟ್ಟಿಲು ಕಡಿಮೆ. ಸೋಮವಾರ ಘಾರಾಪುರಿಯ ಗುಹೆಗಳಿಗೆ ರಜೆ.

ಗೇಟ್‌ವೇ ಪಕ್ಕದಲ್ಲೇ, ರೇಡಿಯೋ ಕ್ಲಬ್ ಬಳಿ, ಹೊಸ ಜೆಟ್ಟಿಗೆ 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಷರತ್ತುಗಳೊಡನೆ ಒಪ್ಪಿಗೆ ಕೊಟ್ಟಿದೆ. ಅದರ ನಕಾಶೆಯಲ್ಲಿ ಗಾಲಿಕುರ್ಚಿ ದೋಣಿಯವರೆಗೆ ಹೋಗುವ ದಾರಿ ಎಲ್ಲಿದೆ ಎಂದು ನಿಮ್ಮಲ್ಲಿ ಯಾರಾದರೂ ಬರೆದು ಕೇಳಿ. ಮರಾಠಿಯಲ್ಲೇ ಬರೆಯಿರಿ, ಅದು ನಮಗಿಂತ ನಿಮಗೆ ಚೆನ್ನಾಗಿ ಬರುತ್ತದೆ. ಉತ್ತರ ಬಂದರೆ ನನಗೂ ತೋರಿಸಿ. ಧಾರವಾಡದಿಂದ ವಾರಕ್ಕೊಮ್ಮೆ ಫೋನು ಬರುತ್ತಲೇ ಇದೆ.