ಹುಳುಕಡ್ಡಿ ಮತ್ತು 'ಡರ್ಮಟೋಫೈಟ್': ಹೆಸರಿನ ಹಿಂದಿನ ಅರ್ಥ

ತೊಡೆಯ ಸಂದು, ಕಂಕುಳು, ಸೊಂಟ ಮೊದಲಾದ ಬೆವರು ನಿಲ್ಲುವ ಭಾಗಗಳಲ್ಲಿ ಉಂಗುರದಂತೆ ಹರಡುವ ತುರಿಕೆಯ ರೋಗವನ್ನು ನಮ್ಮ ಜನರು ಹುಳುಕಡ್ಡಿ, ಗಜಕರ್ಣ ಎಂದು ಕರೆಯುತ್ತಾರೆ. ಆಯುರ್ವೇದದಲ್ಲಿ ಹೇಳಿರುವ ದದ್ರು ಇದನ್ನೇ ಬಹುಮಟ್ಟಿಗೆ ಹೋಲುತ್ತದೆ. ಚರಕರು ಅದನ್ನು ಕ್ಷುದ್ರಕುಷ್ಠಗಳಲ್ಲಿಯೂ ಸುಶ್ರುತರು ಮಹಾಕುಷ್ಠಗಳಲ್ಲಿಯೂ ಎಣಿಸಿದ್ದಾರೆ. ಇಲ್ಲಿ ಕುಷ್ಠವೆಂದರೆ ಚರ್ಮರೋಗಗಳ ಸಮೂಹ; ಕೇವಲ ತೊನ್ನು ಅಥವಾ ಮಹಾರೋಗವಲ್ಲ.

ಇಂದಿನ ವೈದ್ಯಶಾಸ್ತ್ರವು ಈ ರೋಗಕಾರಕವನ್ನು 'ಡರ್ಮಟೋಫೈಟ್' ಎನ್ನುತ್ತದೆ. ಗ್ರೀಕ್ ಭಾಷೆಯಲ್ಲಿ 'ಡರ್ಮ' ಎಂದರೆ ಚರ್ಮ, 'ಫೈಟಾನ್' ಎಂದರೆ ಸಸ್ಯ. ಒಟ್ಟು ಅರ್ಥ 'ಚರ್ಮದ ಸಸ್ಯ'. ಇದೇ ಗುಂಪಿನ 'ಟ್ರೈಕೋಫೈಟಾನ್' ಎಂಬುದು 'ಕೂದಲಿನ ಸಸ್ಯ'. 1845ರಲ್ಲಿ ಸ್ವೀಡನ್ನಿನ ವೈದ್ಯ ಮಾಲ್ಮ್‌ಸ್ಟೆನ್ ಇಟ್ಟ ಹೆಸರಿದು. ಆ ಕಾಲದಲ್ಲಿ ಜೀವಿಗಳನ್ನು ಪ್ರಾಣಿ, ಸಸ್ಯ ಎಂದು ಎರಡೇ ಭಾಗ ಮಾಡುತ್ತಿದ್ದರು. ಚಲಿಸದ ಶಿಲೀಂಧ್ರವು ಸಹಜವಾಗಿಯೇ ಸಸ್ಯಗಳ ಸಾಲಿಗೆ ಸೇರಿತು.

ಆದರೆ ಶಿಲೀಂಧ್ರಕ್ಕೆ ಪತ್ರಹರಿತ್ತಿಲ್ಲ. ಅದು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಅದರ ಕೋಶಭಿತ್ತಿಯಲ್ಲಿರುವುದು ಕೀಟಗಳ ಹೊರಕವಚದಲ್ಲಿ ಕಾಣುವ ಕೈಟಿನ್. 1969ರಲ್ಲಿ ವಿಟೇಕರ್ ತಮ್ಮ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟರು. ಹೀಗೆ ಕನ್ನಡದ ಹೆಸರಿನ 'ಹುಳು'ವೂ ಗ್ರೀಕ್ ಹೆಸರಿನ 'ಸಸ್ಯ'ವೂ ಇದರ ನಿಜಸ್ವರೂಪವನ್ನು ಹೇಳುವುದಿಲ್ಲ.

ಈ ಶಿಲೀಂಧ್ರದ ಆಹಾರ ಕೆರಾಟಿನ್. ಗ್ರೀಕಿನ 'ಕೆರಾಸ್', ಅಂದರೆ ಕೊಂಬು, ಈ ಪದದ ಮೂಲ. ಚರ್ಮದ ಹೊರಪದರ, ಕೂದಲು, ಉಗುರುಗಳಲ್ಲಿ ಕೆರಾಟಿನ್ ಇರುವುದರಿಂದ ರೋಗವೂ ಅಲ್ಲಿಯೇ ನೆಲೆಸುತ್ತದೆ.

ಹುಳುವನ್ನು ಸುಡಬೇಕೆಂದು ಸುಣ್ಣವನ್ನೋ ಆಮ್ಲವನ್ನೋ ಹಚ್ಚಿದರೆ ಸುಡುವುದು ನಮ್ಮ ಚರ್ಮವೇ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಿಶ್ರಿತ ಮುಲಾಮು ಇನ್ನೂ ಮೋಸಕರ. ಕೆಂಪು, ತುರಿಕೆಗಳು ಎರಡು ದಿನಗಳಲ್ಲಿ ಅಡಗುತ್ತವೆ. ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಉಂಗುರದ ಗುರುತು ಅಳಿಸುವುದರಿಂದ ವೈದ್ಯರಿಗೂ ರೋಗನಿರ್ಣಯ ಕಷ್ಟವಾಗುತ್ತದೆ.

ಸ್ನಾನದ ನಂತರ ಮೈಯ ಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳಿರಿ. ಸಡಿಲವಾದ ಹತ್ತಿಯ ಬಟ್ಟೆಯನ್ನೇ ಧರಿಸಿರಿ. ಟವೆಲು, ಒಳ ಉಡುಪುಗಳನ್ನು ಹಂಚಿಕೊಳ್ಳದೆ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಮನೆಯಲ್ಲಿ ಯಾರಿಗೆಲ್ಲ ತುರಿಕೆಯಿದೆಯೋ ಅವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯುವುದು ಲೇಸು. ಚಕ್ರಮರ್ದಕ್ಕೆ ದದ್ರುಘ್ನವೆಂಬ ಹೆಸರೇ ಇದೆಯಾದರೂ ಅದರ ಲೇಪವನ್ನು ವೈದ್ಯರ ಸಲಹೆಯಂತೆಯೇ ಬಳಸಬೇಕು. ಮಧುಮೇಹಿಗಳು ತಡಮಾಡಬಾರದು. ಕಲೆ ಮಾಯವಾಯಿತೆಂದು ಔಷಧವನ್ನು ಅರ್ಧಕ್ಕೆ ನಿಲ್ಲಿಸಿದರೆ ರೋಗವು ಮರಳಿ ಬರುತ್ತದೆ. ವೈದ್ಯರು ಹೇಳಿದ ಅವಧಿಯನ್ನು ಪೂರ್ಣಗೊಳಿಸಿರಿ.