ಪರಸ್ಥಳವಾಸಿಗಳ ವಿವಾಹಕ್ರಮವೂ ಕುಲಸ್ಮೃತಿಯೂ: ಸಂಡೂರಿನ ಲಂಬಾಣಿ ತಾಂಡೆಗಳನ್ನು ಕುರಿತ ವಿಚಾರ

೧

ಹುಟ್ಟಿದ ನಾಡನ್ನು ಬಿಟ್ಟು ಬೇರೊಂದು ನಾಡಿನಲ್ಲಿ ನೆಲಸಿದ ಜನರು ತಮ್ಮತನವನ್ನು ಯಾವುದರಿಂದ ಉಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉಡುಪು, ಆಹಾರ, ದೇವತಾರಾಧನೆ, ಭಾಷೆ ಎಂದು ನಾಲ್ಕು ಬಗೆಯ ಉತ್ತರಗಳನ್ನು ಹೇಳುವುದು ವಾಡಿಕೆಯಾಗಿದೆ. ಇವು ಸತ್ಯವಾದರೂ ಅಪೂರ್ಣ. ಏಕೆಂದರೆ ಇವು ನಾಲ್ಕೂ ತಂದೆತಾಯಿಗಳಿಂದ ಮಕ್ಕಳಿಗೂ ಅವರಿಂದ ಮೊಮ್ಮಕ್ಕಳಿಗೂ ಸಾಗಬೇಕಾದರೆ ನಡುವೆ ವಿವಾಹವೆಂಬ ಸೇತುವೆಯೊಂದು ಇರಲೇಬೇಕು. ಮನೆಗೆ ಬಂದ ಸೊಸೆಯು ಯಾವ ನುಡಿಯಲ್ಲಿ ಜೋಗುಳ ಹಾಡುತ್ತಾಳೆಯೋ ಅದೇ ಆ ಮನೆಯ ಮುಂದಿನ ನುಡಿಯಾಗುತ್ತದೆ. ಆದ್ದರಿಂದಲೇ ವಲಸೆಬಂದ ಕುಟುಂಬಗಳಲ್ಲಿ ತರುಣತರುಣಿಯರು ಯಾರೊಡನೆ ಒಡನಾಡಬೇಕು, ಯಾರನ್ನು ವರಿಸಬೇಕು ಎಂಬ ವಿಷಯವು ಎಲ್ಲ ಕಾಲದಲ್ಲಿಯೂ ಹಿರಿಯರ ಕಳವಳಕ್ಕೆ ಕಾರಣವಾಗಿದೆ.

ಈ ಕಳವಳಕ್ಕೆ ಕರ್ನಾಟಕದ ಇತಿಹಾಸದಲ್ಲಿಯೇ ಹಳೆಯದೊಂದು ನಿದರ್ಶನವುಂಟು. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ವಂಗದೇಶದಲ್ಲಿ ಪ್ರಬಲರಾದ ಸೇನರು ತಮ್ಮನ್ನು ಕರ್ಣಾಟಕ್ಷತ್ರಿಯರೆಂದು ಹೇಳಿಕೊಂಡವರು. ವಿಜಯಸೇನನ ದೇವಪಾರಾ ಪ್ರಶಸ್ತಿಯಲ್ಲಿ ಈ ವಂಶದ ದಾಕ್ಷಿಣಾತ್ಯ ಮೂಲವು ಸ್ಪಷ್ಟವಾಗಿ ಉಕ್ತವಾಗಿದೆ. ಅವನ ಮಗನಾದ ಬಲ್ಲಾಳಸೇನನು ಚಾಳುಕ್ಯ ರಾಜಕುಮಾರಿಯಾದ ರಾಮದೇವಿಯನ್ನು ವರಿಸಿದನು. ವಂಶವು ಗಂಗಾತೀರದಲ್ಲಿ ಬೇರೂರಿ ತಲೆಮಾರುಗಳು ಕಳೆದಿದ್ದರೂ ಪಟ್ಟದರಸಿಯು ದಕ್ಷಿಣದಿಂದಲೇ ಬಂದಳೆಂಬುದು ಗಮನಾರ್ಹವಾದ ಸಂಗತಿ. ಆದರೆ ಸೇನರ ಶಾಸನಗಳ ಭಾಷೆಯು ಸಂಸ್ಕೃತ; ಅವರ ಆಶ್ರಯದಲ್ಲಿ ಬೆಳೆದುದು ಜಯದೇವ ಧೋಯೀ ಮುಂತಾದವರ ಸಂಸ್ಕೃತ ಕಾವ್ಯ. ಕರ್ಣಾಟವೆಂಬ ಹೆಸರು ಬಿರುದಾಗಿ ನಿಂತಿತು, ಕನ್ನಡವು ನಿಲ್ಲಲಿಲ್ಲ. ಒಂದು ರಾಜವಿವಾಹವು ಕುಲದ ಹೆಸರನ್ನು ಕಾಪಾಡಬಲ್ಲುದು. ನುಡಿಯನ್ನು ಕಾಪಾಡಲು ಇಡೀ ಸಮುದಾಯದ ವಿವಾಹವ್ಯವಸ್ಥೆಯೇ ಬೇಕು ಎಂಬುದು ಇದರಿಂದ ಊಹ್ಯವಾಗುತ್ತದೆ. ಅಂತಹ ವ್ಯವಸ್ಥೆಯೊಂದನ್ನು ಸಂಡೂರಿನ ಸುತ್ತಮುತ್ತ ಕಾಣಬಹುದಾಗಿದೆ.

೨

ಬಳ್ಳಾರಿ ಜಿಲ್ಲೆಯ ಸಂಡೂರು ಬೆಟ್ಟಗಳ ನಡುವಣ ಕಣಿವೆಯ ಊರು. ೧೯೪೯ರವರೆಗೆ ಇದು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದಿತು. ಆ ಅರಸುಮನೆತನವೂ ಮರಾಠಿ ನಾಡಿನಿಂದ ಬಂದುದೇ. ಇದೇ ಸೀಮೆಯಲ್ಲಿ ಸುಶೀಲಾನಗರವೇ ಮೊದಲಾದ ಊರುಗಳಲ್ಲಿ ಲಂಬಾಣಿಗಳು ನೆಲಸಿದ್ದಾರೆ. ತಮ್ಮ ಮೂಲವು ರಾಜಸ್ಥಾನವೆಂದು ಹೇಳುವ ಈ ಜನರು ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು, ಮೊಗಲರ ದಂಡಯಾತ್ರೆಗಳ ಕಾಲದಲ್ಲಿ ಸೈನ್ಯಗಳಿಗೆ ದವಸವನ್ನು ಒದಗಿಸುತ್ತ, ದಕ್ಷಿಣಾಪಥಕ್ಕೆ ಬಂದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಮತ್ತು ಗಾಡಿದಾರಿಗಳು ಹರಡಿದ ಬಳಿಕ ಹೇರಾಟದ ವ್ಯಾಪಾರವು ಕುಸಿಯಿತು; ಅಲೆಯುತ್ತಿದ್ದ ತಾಂಡೆಗಳು ಊರುಗಳಾದವು.

ವೃತ್ತಿಯು ಹೋಯಿತು; ಸಂಚಾರವೂ ಹೋಯಿತು. ಸಂತೆಯಲ್ಲಿಯೂ ಶಾಲೆಯಲ್ಲಿಯೂ ಗಣಿಯಲ್ಲಿಯೂ ಅವರ ವ್ಯವಹಾರಭಾಷೆಯು ಕನ್ನಡವೇ ಆಯಿತು. ಆದರೂ ಸ್ವಂತ ಲಿಪಿಯಿಲ್ಲದ, ಆಸ್ಥಾನದ ಆಶ್ರಯವನ್ನು ಕಂಡರಿಯದ ಗೋರ್‌ಬೋಲಿಯು ಮನೆಯೊಳಗೆ ಉಳಿದುಬಂದಿದೆ. ರಾಜಾಶ್ರಯವಿದ್ದ ಸೇನರ ಮನೆತನದಲ್ಲಿ ನಿಲ್ಲದ ಮನೆನುಡಿಯು ಎತ್ತಿನ ಹೇರಿನವರ ಬಿಡಾರದಲ್ಲಿ ನಿಂತುದಕ್ಕೆ ಕಾರಣವೇನು?

ಮೊದಲನೆಯ ಕಾರಣವು ನಿಷೇಧದ ಸ್ಪಷ್ಟತೆ. ಲಂಬಾಣಿಯು ತನ್ನವರನ್ನು ‘ಗೋರ್’ ಎಂದೂ ಹೊರಗಿನವರನ್ನು ‘ಕೋರ್’ ಎಂದೂ ಕರೆಯುತ್ತಾನೆ. ವಿವಾಹವು ಗೋರ್ ಸಮುದಾಯದ ಒಳಗೇ ನಡೆಯಬೇಕು. ಒಳಗಾದರೂ ರಾಠೋಡ, ಪವಾರ, ಚವ್ಹಾಣ, ಜಾಧವ ಮುಂತಾದ ಕುಲಗಳಲ್ಲಿ ಸ್ವಕುಲದೊಳಗೆ ಸಂಬಂಧವು ಕೂಡದು. ಸೋದರಭಾವವುಳ್ಳ ಕುಲಗಳ ನಡುವೆಯೂ ಕೂಡದು. ಧರ್ಮಶಾಸ್ತ್ರಗಳ ಸಗೋತ್ರನಿಷೇಧವನ್ನು ಬಲ್ಲವರಿಗೆ ಈ ನಿಯಮವು ಅಪರಿಚಿತವೆನಿಸದು. ಇದರ ಫಲವು ವಿಶೇಷವಾದುದು. ತಾಂಡೆಯೊಂದರಲ್ಲಿ ಹಲವುವೇಳೆ ಒಂದೇ ಕುಲದವರ ಮನೆಗಳು ಹೆಚ್ಚಾಗಿರುವುದರಿಂದ ಹೆಣ್ಣನ್ನು ದೂರದ ತಾಂಡೆಗಳಿಂದ ತರಬೇಕಾಗುತ್ತದೆ. ಹೀಗೆ ಚದುರಿದ ಬಿಡಾರಗಳನ್ನು ಬೆಸೆದ ದಾರವು ವಿವಾಹವೇ ಆಯಿತು. ಆ ದಾರದುದ್ದಕ್ಕೂ ಗೋರ್‌ಬೋಲಿಯು ಹರಿಯಿತು.

೩

ನಿಷೇಧವೊಂದೇ ಸಾಲದು. ಬೇಲಿಯನ್ನು ಕಟ್ಟಿ ಒಳಗೆ ಬಯಲನ್ನೇ ಬಿಡದಿದ್ದರೆ ಬೇಲಿಯು ಮುರಿಯದೆ ಇರದು. ತಾಂಡೆಯ ಹಿರಿಯರು ಆ ಬಯಲನ್ನು ಹಬ್ಬಗಳಲ್ಲಿ ಇಟ್ಟರು. ಇದೇ ಎರಡನೆಯ ಕಾರಣ.

ಶ್ರಾವಣಮಾಸದ ತೀಜ್ ಹಬ್ಬವು ಅವಿವಾಹಿತ ಕನ್ಯೆಯರದು. ಅವರು ಬುಟ್ಟಿಗಳಲ್ಲಿ ಮಣ್ಣುಗೊಬ್ಬರಗಳನ್ನು ತುಂಬಿ ಗೋದಿಯನ್ನು ಬಿತ್ತಿ, ದಿನವೂ ನೀರೆರೆದು, ಹಾಡಿ ಕುಣಿದು ಸಸಿಗಳನ್ನು ಬೆಳೆಸುತ್ತಾರೆ; ಪೈರು ಎಷ್ಟು ಹುಲುಸಾಗಿ ಬೆಳೆಯುವುದೋ ಬಾಳು ಅಷ್ಟು ಹುಲುಸಾಗುವುದೆಂದು ನಂಬುಗೆ. ಈ ಕಾಲದಲ್ಲಿ ತರುಣರು ಬಂದು ಕೀಟಲೆಮಾಡುವುದು ಅಪರಾಧವಲ್ಲ, ಆಚಾರ. ಕನ್ಯೆಯರು ಬೋರೆಯ ಮುಳ್ಳುಗಳಿಗೆ ನೆನೆಸಿದ ಕಡಲೆಯನ್ನು ಚುಚ್ಚುವಾಗ ಹುಡುಗರು ಕೊಂಬೆಯನ್ನು ಅಲುಗಾಡಿಸುತ್ತಾರೆ. ಕೈಗೆ ಮುಳ್ಳು ತಾಗಿದರೂ ಕಡಲೆಯನ್ನು ಬಿಡಬಾರದು. ಹೋಳಿಯಲ್ಲಿಯೂ ಗಂಡುಹೆಣ್ಣುಗಳ ಹಾಡು ಪ್ರತಿಹಾಡುಗಳಿಗೆ ಅವಕಾಶವುಂಟು. ನಿಶ್ಚಿತಾರ್ಥವು ಎಲ್ಲರೆದುರಿಗೆ ಬೆಲ್ಲವನ್ನು ಹಂಚಿ ನಡೆಯುವ ಸಭಾಕಾರ್ಯ. ಹಿಂದಿನ ಕಾಲದಲ್ಲಿ ಮದುಮಗನು ಕೆಲವು ಕಾಲ ಹೆಣ್ಣಿನ ತಾಂಡೆಯಲ್ಲಿ ಬಂದು ಇರುವ ಪದ್ಧತಿಯೂ ಇದ್ದಿತು. ನೋಡುವುದು, ಅಣಕಿಸುವುದು, ಅರಿಯುವುದು ಎಲ್ಲವೂ ಹಿರಿಯರ ಕಣ್ಣಳವಿಯಲ್ಲಿ, ಆದರೆ ಹಿರಿಯರ ಬಾಯಿಲ್ಲದೆ, ನಡೆಯುತ್ತಿದ್ದುವು.

ಮೂರನೆಯ ಕಾರಣವು ಹೆಣ್ಣಿನ ಹಾಡು. ಮದುವೆಗೆ ಮುನ್ನ ವೃದ್ಧೆಯರು ವಧುವಿಗೆ ‘ಢಾವಲೊ’ ಎಂಬ ರೋದನಗೀತಗಳನ್ನು ಕಲಿಸುತ್ತಾರೆ. ತವರನ್ನು ಬಿಡುವಾಗ ಆಕೆ ತಾಯಿ, ತಂದೆ, ಅಣ್ಣ, ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ತಬ್ಬಿಕೊಂಡು ಹಾಡಬೇಕು. ಎತ್ತಿನ ಮೇಲೆ ನಿಂತು ‘ಹವೇಲಿ’ ಹಾಡಿ ತಾಂಡೆಯನ್ನು ಹರಸಬೇಕು. ಹಾಡಲಾರದ ಹುಡುಗಿಯು ವಧುವಾಗಲು ಸಿದ್ಧಳಲ್ಲವೆಂದೇ ಭಾವನೆ. ಎಂದರೆ ಲಿಪಿಯಿಲ್ಲದ ಭಾಷೆಯೊಂದರ ಪ್ರೌಢಶಿಕ್ಷಣವು ಮದುವೆಯ ನೆಪದಲ್ಲಿ ಪ್ರತಿ ತಲೆಮಾರಿನ ಹೆಣ್ಣಿಗೂ ತಪ್ಪದೆ ದೊರೆಯುತ್ತಿದ್ದಿತು. ಆಕೆಯೇ ಮುಂದೆ ತಾಯಿಯಾಗಿ ಅದನ್ನು ದಾಟಿಸುವವಳು.

ಈ ವ್ಯವಸ್ಥೆಯು ನಿರ್ದುಷ್ಟವೆಂದು ಹೇಳಲಾಗದು. ಮೇರೆಯನ್ನು ಮೀರಿದ ಪ್ರೇಮಕ್ಕೆ ನಾಯಕನೂ ಪಂಚರೂ ದಂಡ ವಿಧಿಸುತ್ತಿದ್ದರು. ಎಳೆಯ ವಯಸ್ಸಿನ ಮದುವೆಗಳೂ ನಡೆಯುತ್ತಿದ್ದುವು. ಹಿಂದೆ ಗಂಡಿನವರು ತೆರವನ್ನು ಕೊಡುತ್ತಿದ್ದ ಸಮಾಜದಲ್ಲಿ ಕಾಲಕ್ರಮದಿಂದ ವರದಕ್ಷಿಣೆಯು ಹೊಕ್ಕಿತು. ನೆರೆಹೊರೆಯಿಂದ ಕಲಿತದ್ದೆಲ್ಲವೂ ಏಳಿಗೆಯಲ್ಲವೆಂಬುದಕ್ಕೆ ಇದು ಸಾಕ್ಷಿ.

೪

ಶಾಸ್ತ್ರದೃಷ್ಟಿಯಿಂದಲೂ ಪರಸ್ಪರಾನುರಾಗವು ತಿರಸ್ಕೃತವಾದುದಲ್ಲ. ಮನುಸ್ಮೃತಿಯು ಎಣಿಸುವ ಎಂಟು ವಿವಾಹಗಳಲ್ಲಿ ವಧೂವರರ ಇಚ್ಛೆಯಿಂದ ನಡೆಯುವ ಗಾಂಧರ್ವವೂ ಒಂದು. ವಾತ್ಸ್ಯಾಯನನು ಅನುರಾಗವೇ ವಿವಾಹದ ಫಲವಾದುದರಿಂದ ಗಾಂಧರ್ವಕ್ಕೆ ಶ್ರೇಷ್ಠತೆಯನ್ನು ಹೇಳಿದ್ದಾನೆ. ಕಾಳಿದಾಸನ ಶಾಕುಂತಲದಲ್ಲಿ ಕಣ್ವನು ಮಗಳ ಆಯ್ಕೆಯನ್ನು ಒಪ್ಪುತ್ತಾನೆ. ಅಲ್ಲಿ ದುಃಖಕ್ಕೆ ಮೂಲವು ಅನುರಾಗವಲ್ಲ, ಶಾಪದಿಂದಾದ ಮರೆವು ಮತ್ತು ಸಾಕ್ಷಿಯಿಲ್ಲದಿರುವಿಕೆ. ಸಾಕ್ಷಿಯನ್ನು ಒದಗಿಸುವುದೇ ಸಮಾಜದ ಕೆಲಸ. ತಾಂಡೆಯ ಹಬ್ಬವು ಆ ಕೆಲಸವನ್ನು ಮಾಡಿತು.

ಇದೇ ಪ್ರಶ್ನೆಯು ಕಡಲಾಚೆಯ ಕನ್ನಡಿಗರ ಮನೆಗಳಲ್ಲಿ ಈಗ ಬೇರೆ ಹೆಸರಿನಿಂದ ಕಾಣಿಸಿಕೊಂಡಿದೆ. ಅಮೆರಿಕೆಯ ೧೯೬೫ರ ವಲಸೆಯ ಕಾನೂನಿನ ತರುವಾಯ ವೈದ್ಯರೂ ಇಂಜಿನಿಯರರೂ ಆದ ಅನೇಕ ಕನ್ನಡಿಗರು ಅಲ್ಲಿ ಸಂಸಾರ ಹೂಡಿದರು. ಊರೂರುಗಳಲ್ಲಿ ಕನ್ನಡಕೂಟಗಳು ಹುಟ್ಟಿದುವು. ಅಲ್ಲಿ ಹುಟ್ಟಿದ ಮಕ್ಕಳು ಹದಿಹರೆಯಕ್ಕೆ ಬಂದಾಗ ‘ಡೇಟಿಂಗ್’ ಎಂಬ ಆಚಾರವು ಎದುರಾಗುತ್ತದೆ. ವಿವಾಹದ ಮಾತಿಲ್ಲದೆಯೇ ತರುಣತರುಣಿಯರು ಜೊತೆಯಾಗಿ ಓಡಾಡಿ ಒಬ್ಬರ ಮನಸ್ಸನ್ನೊಬ್ಬರು ಅರಿಯುವ ಈ ಕ್ರಮಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಹೆಸರಿಲ್ಲದುದರಿಂದ ಎಷ್ಟೋ ಮನೆಗಳಲ್ಲಿ ಅದನ್ನು ಕುರಿತು ಮಾತೂ ಇಲ್ಲ. ಮಕ್ಕಳು ಮರೆಮಾಚುತ್ತಾರೆ, ಹಿರಿಯರು ಕಂಡೂ ಕಾಣದಂತಿರುತ್ತಾರೆ, ಮದುವೆಯ ವಯಸ್ಸು ಬಂದೊಡನೆ ಜಾತಿ, ಭಾಷೆ, ಜಾತಕಗಳ ಮಾತು ಒಮ್ಮೆಗೇ ಏಳುತ್ತದೆ. ಬೇಲಿಯು ಸಾಗರವನ್ನು ದಾಟಿತು, ಬಯಲು ದಾಟಲಿಲ್ಲ.

ಆದರೂ ಬೆಸುಗೆಯು ಪೂರ್ಣವಾಗಿ ಕಳಚಿಲ್ಲ. ಕಾರ್ನೆಗಿ ಸಂಸ್ಥೆಯು ೨೦೨೦ರಲ್ಲಿ ಅಮೆರಿಕೆಯ ಭಾರತೀಯರ ವಿಷಯವಾಗಿ ನಡೆಸಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಎಂಟು ಮಂದಿಯ ಬಾಳಸಂಗಾತಿಯು ಭಾರತೀಯ ಮೂಲದವರೆಂದು ಕಂಡುಬಂದಿತು. ಅಲ್ಲಿಯೇ ಹುಟ್ಟಿದವರಲ್ಲಿ, ಅಲ್ಲಿಯೇ ಹುಟ್ಟಿದ ಭಾರತೀಯ ಮೂಲದವರನ್ನು ವರಿಸುವುದು ಹೆಚ್ಚು. ಇದರ ಅರ್ಥವು ವಿಚಾರಣೀಯ. ‘ತಮ್ಮವರು’ ಎಂಬ ಮೇರೆಯು ಇದೆ. ಆದರೆ ಅದು ಕನ್ನಡದ ಮೇರೆಯಲ್ಲ, ಭಾರತದ ಮೇರೆ. ತೆಲುಗರ ಮಗನೂ ಕನ್ನಡಿಗರ ಮಗಳೂ ಕೂಡಿದ ಮನೆಯಲ್ಲಿ ನಡುನುಡಿಯು ಇಂಗ್ಲಿಷೇ ಆಗುವ ಸಂಭವವು ಹೆಚ್ಚು. ಸೇನರ ಇತಿಹಾಸವು ಇನ್ನೊಂದು ರೂಪದಿಂದ ಮರಳುತ್ತಿದೆ: ಹೆಸರು ಉಳಿಯುತ್ತದೆ, ನುಡಿಯು ಜಾರುತ್ತದೆ. ಕೂಟಗಳ ಸಮ್ಮೇಳನಗಳಲ್ಲಿ ತರುಣರಿಗಾಗಿಯೇ ಏರ್ಪಡುವ ಗೋಷ್ಠಿಗಳು ಈ ಕೊರತೆಯನ್ನರಿತ ಪ್ರಯತ್ನಗಳು. ಅವು ತೀಜಿನ ಸ್ಥಾನವನ್ನು ಪಡೆಯಬೇಕಾದರೆ ವಧೂವರಾನ್ವೇಷಣೆಯ ಸಂತೆಗಳಾಗದೆ ಹಾಡು, ಆಟ, ನಾಟಕಗಳ ಒಡನಾಟಗಳಾಗಬೇಕು.

೫

ಕಡೆಯದಾಗಿ ಸಂಡೂರಿನ ಇಂದಿನ ಸ್ಥಿತಿಯನ್ನು ಹೇಳಬೇಕಾಗಿದೆ. ಅಲ್ಲಿನ ಕುಶಲಕಲಾ ಕೇಂದ್ರದ ಆಶ್ರಯದಲ್ಲಿ ಲಂಬಾಣಿ ಕಸೂತಿಯು ಲೋಕವಿಖ್ಯಾತವಾಗಿದೆ. ೨೦೧೦ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯು ದೊರೆಯಿತು. ೨೦೨೩ರಲ್ಲಿ ಹಂಪೆಯಲ್ಲಿ ಜಿ-೨೦ ಸಭೆ ಸೇರಿದ್ದಾಗ ೧,೭೫೫ ಕಸೂತಿವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಕನ್ನಡಿಚೂರು ಕವಡೆಗಳ ಈ ಹೊಲಿಗೆಯು ಮೊದಲು ಮಾರಾಟಕ್ಕಾಗಿ ಹುಟ್ಟಿದುದಲ್ಲ. ಲಂಬಾಣಿ ಹೆಂಗಸು ತನ್ನ ಉಡುಪಿಗಾಗಿಯೂ ಮದುವೆಗಾಗಿಯೂ ಹೊಲಿದುಕೊಳ್ಳುತ್ತಿದ್ದುದು. ವಸ್ತುವಿಗೆ ಮನ್ನಣೆ ಬಂದಿತು. ಅದರೊಡನೆ ಹುಟ್ಟಿದ ಹಾಡಿಗೆ ಬರಲಿಲ್ಲ. ತೋಳಿನ ಚೂಡೊ ಬಳೆಗಳನ್ನು ಕಿರಿಯರು ತೊಡುವುದು ವಿರಳವಾಗಿದೆ. ಢಾವಲೊ ಬಲ್ಲವರು ಬಹುಮಟ್ಟಿಗೆ ವೃದ್ಧೆಯರೇ. ಆದರೆ ಕುಲನಿಷೇಧವು ಮಾತ್ರ ಸಡಿಲವಾಗಿಲ್ಲ. ಹೀಗೆಯೇ ಸಾಗಿದರೆ ತಾಂಡೆಯಲ್ಲಿಯೂ ಬೇಲಿಯೊಂದೇ ಉಳಿದು ಬಯಲು ಇಲ್ಲವಾದೀತು.

ಆದುದರಿಂದ ಸಂಶೋಧಕರ ಮುಂದಿರುವ ಕಾರ್ಯವು ಸ್ಪಷ್ಟವಾಗಿದೆ. ಸಂಡೂರು, ಹೊಸಪೇಟೆ, ಕೂಡ್ಲಿಗಿ ಸೀಮೆಗಳ ತಾಂಡೆಗಳಲ್ಲಿ ತೀಜ್, ಹೋಳಿ, ಢಾವಲೊ ಹಾಡುಗಳನ್ನು ಹಾಡುವವರ ಬಾಯಿಂದಲೇ ಸಂಗ್ರಹಿಸಿ, ಕನ್ನಡಲಿಪಿಯಲ್ಲಿ ಬರೆದು, ಧ್ವನಿಮುದ್ರಣದೊಡನೆ ಕಾಪಾಡಬೇಕು. ಇದರಿಂದ ಲಂಬಾಣಿ ಮಕ್ಕಳಿಗೆ ತಮ್ಮ ಅಜ್ಜಿಯರ ನುಡಿಯು ದೊರೆಯುತ್ತದೆ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರಿಗೂ, ಮಕ್ಕಳನ್ನು ತಡೆಯುವುದಕ್ಕಿಂತ ಅವರು ಒಟ್ಟಿಗೆ ಹಾಡುವ ಎಡೆಯೊಂದನ್ನು ಏರ್ಪಡಿಸುವುದು ಮೇಲೆಂಬ ಪಾಠವು, ಮೂರು ಶತಮಾನಗಳ ಅನುಭವವುಳ್ಳ ನೆರೆಯವರಿಂದಲೇ ದೊರೆಯುತ್ತದೆ.