ಪಾಸ್‌ಬುಕ್ಕಿನಲ್ಲಿ ಇಬ್ಬರ ಹೆಸರು

ಬ್ರಿಟನ್ನಿನಲ್ಲಿ ನೆಲೆಸಿದ ಹುಡುಗನನ್ನು ಮದುವೆಯಾಗಿ ಅಲ್ಲಿಗೆ ಹೊರಟವರ ಮನೆಗಳಲ್ಲಿ ಒಂದು ಸಲಹೆ ಸಲೀಸಾಗಿ ಓಡಾಡುತ್ತದೆ: ಗಂಡ ಹೆಂಡತಿ ಹೆಸರಲ್ಲಿ ಒಂದು ಜಾಯಿಂಟ್ ಅಕೌಂಟ್ ಮಾಡಿಸಿ, ಒಂದಷ್ಟು ದುಡ್ಡು ಹಾಕಿಡಿ, ವೀಸಾ ಅಧಿಕಾರಿಗೆ ಅಷ್ಟು ತೋರಿಸಿದರೆ ಆಯಿತು. ಈ ಸಲಹೆ ಪೂರ್ತಿ ಸುಳ್ಳಲ್ಲ. ಅದಕ್ಕೇ ಅದನ್ನು ನಂಬಿದವರು ಕೈ ಸುಟ್ಟುಕೊಳ್ಳುತ್ತಾರೆ. ಬ್ರಿಟನ್ನಿನ ನಿಯಮ ಜಂಟಿ ಖಾತೆಯನ್ನು ಒಪ್ಪುತ್ತದೆ, ಆದರೆ ಕಡ್ಡಾಯ ಮಾಡಿಲ್ಲ. ಹಣ ಇಬ್ಬರಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ನಡೆಯುತ್ತದೆ. ಹಾಗಾದರೆ ಜಂಟಿ ಖಾತೆ ಸಾಬೀತು ಮಾಡುವುದಾದರೂ ಏನನ್ನು? ಕುಟುಂಬ ಎಷ್ಟು ಸ್ಥಿತಿವಂತ ಎಂಬುದನ್ನಂತೂ ಅಲ್ಲ. ಹಣ ಯಾರ ಕೈಯಲ್ಲಿದೆ, ಎಷ್ಟು ದಿನದಿಂದ ಇದೆ ಎಂಬ ಎರಡು ಪ್ರಶ್ನೆಗಳಿಗೆ ಅದು ಉತ್ತರ ಕೊಡುತ್ತದೆ. ನಮ್ಮ ಕಡೆಯ ಮನೆಗಳು ಎಡವುವುದು ಬಹುಪಾಲು ಈ ಎರಡರಲ್ಲೇ, ಮೊತ್ತದಲ್ಲಿ ಅಲ್ಲ.

ಮೊದಲು ಮೊತ್ತದ ವಿಚಾರ ಮುಗಿಸಿಬಿಡೋಣ. ಬ್ರಿಟಿಷ್ ಪೌರರು ಅಥವಾ ಅಲ್ಲಿ ಶಾಶ್ವತವಾಗಿ ನೆಲೆಸಲು ಅನುಮತಿ ಪಡೆದವರು ತಮ್ಮ ಸಂಗಾತಿಯನ್ನು ಕರೆಸಿಕೊಳ್ಳಲು ಕನಿಷ್ಠ ಆದಾಯ ತೋರಿಸಬೇಕೆಂಬ ನಿಯಮ ಬಂದದ್ದು 2012ರ ಜುಲೈಯಲ್ಲಿ. ಆಗ ಅದು ವರ್ಷಕ್ಕೆ 18,600 ಪೌಂಡ್. 2024ರ ಏಪ್ರಿಲ್ 11ರಿಂದ ಹೊಸ ಅರ್ಜಿದಾರರಿಗೆ 29,000 ಪೌಂಡ್ ಆಯಿತು. (ಕೆಲಸದ ವೀಸಾದ ಮೇಲೆ ಹೋದ ಸಾಫ್ಟ್‌ವೇರ್ ಎಂಜಿನಿಯರ್ ಹೆಂಡತಿಯನ್ನು ಕರೆದೊಯ್ಯುವ ದಾರಿ ಬೇರೆ, ಅದರ ಲೆಕ್ಕವೂ ಬೇರೆ. ಎರಡನ್ನೂ ಕಲಸಿಕೊಂಡು ಗಾಬರಿಯಾಗುವವರು ಕಡಿಮೆಯೇನಿಲ್ಲ.) ಸಂಬಳ ಅಷ್ಟಿಲ್ಲದಿದ್ದರೆ ಉಳಿತಾಯದಿಂದ ತುಂಬಿಸಬಹುದು, ಆದರೆ ಪೌಂಡಿಗೆ ಪೌಂಡು ಲೆಕ್ಕದಲ್ಲಿ ಅಲ್ಲ. ಉಳಿತಾಯದ ಮೊದಲ 16,000 ಪೌಂಡ್ ಲೆಕ್ಕಕ್ಕೇ ಇಲ್ಲ. ಅದರ ಮೇಲಿರುವುದನ್ನು ಎರಡೂವರೆಯಿಂದ ಭಾಗಿಸಿ ಬಂದದ್ದನ್ನು ವಾರ್ಷಿಕ ಆದಾಯಕ್ಕೆ ಸೇರಿಸುತ್ತಾರೆ. ಸಂಬಳ 25,000 ಇದ್ದವರಿಗೆ 4,000 ಕಡಿಮೆ ಬಿತ್ತು ಎನ್ನಿ: ಅದರ ಎರಡೂವರೆ ಪಟ್ಟು 10,000, ಜೊತೆಗೆ ಆ 16,000, ಒಟ್ಟು 26,000 ಪೌಂಡ್ ಬೇಕು. ಸಂಬಳವೇ ಇಲ್ಲದಿದ್ದರೆ 88,500 ಪೌಂಡ್, ಅಂದರೆ ಕೋಟಿ ರೂಪಾಯಿಯ ಆಸುಪಾಸು. ಈ ಅಂಕಿಗಳು ಸುಮ್ಮನೆ ಹುಟ್ಟಿದ್ದಲ್ಲ. ಉಳಿತಾಯ 16,000 ಪೌಂಡ್ ದಾಟಿದವರಿಗೆ ಅಲ್ಲಿನ ಸರ್ಕಾರ ಸಾಮಾನ್ಯವಾಗಿ ಆದಾಯ ಆಧಾರಿತ ನೆರವು ಕೊಡುವುದಿಲ್ಲ. ಎರಡೂವರೆ ಎಂಬುದು ವೀಸಾದ ಮೊದಲ ಹಂತದ ಎರಡೂವರೆ ವರ್ಷ. ಬಂದವರು ಸರ್ಕಾರದ ಖಜಾನೆಗೆ ಹೊರೆಯಾಗಬಾರದು ಎಂಬ ಒಂದೇ ಆಸೆ ಇಡೀ ಸೂತ್ರದ ಹಿಂದಿದೆ.

ಈ ಆಸೆಯಿಂದಲೇ ಕಾಲದ ಷರತ್ತು ಹುಟ್ಟುತ್ತದೆ. ಅರ್ಜಿ ಹಾಕುವ ಮುಂಚಿನ ಆರು ತಿಂಗಳೂ ಹಣ ಖಾತೆಯಲ್ಲಿ ಇದ್ದಿರಬೇಕು. ಆರು ತಿಂಗಳ ಸರಾಸರಿ ಅಲ್ಲ, ಕೊನೆಯ ದಿನದ ಶಿಲ್ಕೂ ಅಲ್ಲ. ಆ ಅವಧಿಯಲ್ಲಿ ಖಾತೆ ಅತ್ಯಂತ ಕೆಳಗಿಳಿದ ದಿನ ಎಷ್ಟಿತ್ತೋ ಅದೇ ಲೆಕ್ಕ. ಛತ್ರದ ಬಾಕಿ ತೀರಿಸಲು ಎರಡು ದಿನಕ್ಕೆಂದು ತೆಗೆದು ಮತ್ತೆ ತುಂಬಿಸಿದ ಹಣವೂ ಸ್ಟೇಟ್‌ಮೆಂಟಿನಲ್ಲಿ ಗುಂಡಿಯಾಗಿ ಕಾಣುತ್ತದೆ. ರೂಪಾಯಿಯನ್ನು ಪೌಂಡಿಗೆ ಬದಲಾಯಿಸುವುದು ಅರ್ಜಿಯ ದಿನದ ವಿನಿಮಯ ದರದಲ್ಲಿ. ಹೀಗಾಗಿ ಗಡಿಯಂಚಿನಲ್ಲಿ ಹಣ ಇಟ್ಟವರು ರೂಪಾಯಿ ಜಾರಿದರೆ ತಮ್ಮ ತಪ್ಪಿಲ್ಲದೆಯೂ ಜಾರುತ್ತಾರೆ. ಫಿಕ್ಸೆಡ್ ಡೆಪಾಸಿಟ್ ನಡೆಯುತ್ತದೆ, ದಂಡ ಕಟ್ಟಿಯಾದರೂ ತಕ್ಷಣ ಮುರಿಸಿಕೊಳ್ಳುವಂತಿದ್ದರೆ ಸಾಕು. ಲಾಕರಿನ ಚಿನ್ನ, ಊರ ಹೊರಗಿನ ಸೈಟು, ಅಡಿಕೆ ತೋಟ ಉಳಿತಾಯ ಅನ್ನಿಸಿಕೊಳ್ಳುವುದಿಲ್ಲ. ತೋಟವಿರುವವರು ಬಡವರೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಆದರೆ ಅಧಿಕಾರಿಯ ಪ್ರಶ್ನೆ ಶ್ರೀಮಂತಿಕೆಯದಲ್ಲ, ಬರುವ ತಿಂಗಳ ಬಾಡಿಗೆಗೆ ಕೈಗೆ ಸಿಗುವ ದುಡ್ಡಿನದು.

ಇನ್ನು ಹಣ ಯಾರದು ಎಂಬ ಪ್ರಶ್ನೆ. ಕಷ್ಟ ಇರುವುದು ಇಲ್ಲಿ. ಹಣ ಅರ್ಜಿದಾರರ ಹೆಸರಿನಲ್ಲಿ, ಸಂಗಾತಿಯ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ಇರಬೇಕು ಎನ್ನುತ್ತದೆ ನಿಯಮ. ಆ ಸಾಲಿನಲ್ಲಿ ಅಪ್ಪನಿಗೆ ಜಾಗವಿಲ್ಲ. ನಮ್ಮಲ್ಲಿ ಮದುವೆಗೆ ಮುಂಚಿನ ಮಗಳ ಖಾತೆಗೆ ಅಪ್ಪನೋ ಅಮ್ಮನೋ ಜೊತೆ ಖಾತೆದಾರರಾಗಿರುವುದು ಸಾಮಾನ್ಯ. ಮನೆಯ ದುಡ್ಡು ಎಲ್ಲರದೂ ಹೌದು, ಯಾರೊಬ್ಬರದೂ ಅಲ್ಲ. ಆ ಸೊಗಸು ಫೈಲಿನಲ್ಲಿ ಸಂಶಯವಾಗುತ್ತದೆ: ನಾಳೆ ಅಪ್ಪ ಇದನ್ನು ತೆಗೆದುಕೊಂಡರೆ? ಅನಿವಾಸಿ ಭಾರತೀಯರ ಖಾತೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎನ್‌ಆರ್‌ಇ ಖಾತೆಗೆ ಊರಲ್ಲಿರುವ ಹೆಂಡತಿಯ ಹೆಸರು ಸೇರಿಸಬಹುದು, ಆದರೆ 'ಫಾರ್ಮರ್ ಆರ್ ಸರ್ವೈವರ್' ಷರತ್ತಿನ ಮೇಲೆ. ಗಂಡ ಇರುವವರೆಗೆ ಆಕೆ ಅಧಿಕಾರಪತ್ರ ಹಿಡಿದು ಅವನ ಪರವಾಗಿ ವ್ಯವಹರಿಸಬಹುದೇ ಹೊರತು ಒಡತಿಯಾಗಿ ಅಲ್ಲ. ಅದು ಗಂಡನದೇ ಹಣವಾದ್ದರಿಂದ ವೀಸಾ ಲೆಕ್ಕಕ್ಕೆ ತೊಡಕಿಲ್ಲ, ನಿಜ. ಆದರೂ ಪಾಸ್‌ಬುಕ್ಕಿನ ಮೇಲೆ ಎರಡು ಹೆಸರು ಅಚ್ಚಾದ ಮಾತ್ರಕ್ಕೆ ಎರಡು ಕೈ ಆಡುತ್ತವೆ ಎಂದುಕೊಳ್ಳಬಾರದು.

ಅಪ್ಪ ತನ್ನ ಹಣವನ್ನು ಮಗಳ ಖಾತೆಗೆ ಹಾಕಿದರೆ? ನಿಯಮ ಉಡುಗೊರೆಯನ್ನು ಒಪ್ಪುತ್ತದೆ, ಸಾಲವನ್ನು ಒಪ್ಪುವುದಿಲ್ಲ. ಹಣದ ಮೂಲ ಹೇಳಬೇಕು, ಹಿಂದಿರುಗಿಸುವ ಮಾತಿಲ್ಲ ಎಂದು ಕೊಟ್ಟವರು ಬರೆದುಕೊಟ್ಟರೆ ಒಳ್ಳೆಯದು, ಆಮೇಲೆ ಅದೇ ಆರು ತಿಂಗಳು ಕಾಯಬೇಕು. ಕಾಗದದ ಮೇಲೆ ಇದು ಸಲೀಸು. ಆದರೆ ಮದುವೆಯ ಮುಯ್ಯಿಯನ್ನು ಯಾವ ಕಲಮಿಗೆ ಹಾಕುತ್ತೀರಿ? ಮುಯ್ಯಿ ಉಡುಗೊರೆಯೂ ಹೌದು, ಕೊಟ್ಟವರ ಮನೆಯ ಮದುವೆಗೆ ತೀರಿಸಬೇಕಾದ ಋಣವೂ ಹೌದು. ಕಾನೂನಿನ ಕಣ್ಣಿಗೆ ಅದು ಉಡುಗೊರೆಯೇ, ಯಾರೂ ಅದಕ್ಕೆ ಕೋರ್ಟು ಹತ್ತುವುದಿಲ್ಲ. ಎರಡು ತಿಂಗಳ ಮಟ್ಟಿಗೆಂದು ಸೋದರಮಾವ ಕೊಟ್ಟ ಹತ್ತು ಲಕ್ಷ ಹಾಗಲ್ಲ, ಅದು ಸಾಲ. ಉಡುಗೊರೆಯೆಂದು ಬರೆದರೆ ಸುಳ್ಳು ಹೇಳಿದಂತೆ, ಮತ್ತು ಅದು ಸಿಕ್ಕಿಬಿದ್ದರೆ ಈ ಅರ್ಜಿಯೊಂದೇ ಅಲ್ಲ, ಮುಂದಿನವಕ್ಕೂ ಪೆಟ್ಟು ಬೀಳಬಹುದು. ಆರು ತಿಂಗಳ ಷರತ್ತು ಇರುವುದೇ ಇಂಥ ಕೈಬದಲಿನ ದುಡ್ಡನ್ನು ಜರಡಿ ಹಿಡಿಯಲು. ಯಾರೂ ಅಷ್ಟು ದೊಡ್ಡ ಮೊತ್ತವನ್ನು ಅರ್ಧ ವರ್ಷ ಸುಮ್ಮನೆ ಬಿಟ್ಟಿರಲಾರರು.

ಹಾಗಿದ್ದರೆ ಈ ನಿಯಮ ನ್ಯಾಯವೇ ಎಂಬ ಆಕ್ಷೇಪಕ್ಕೆ ಬೆಲೆ ಇದೆ. ಪ್ರೀತಿಗೆ ದರಪಟ್ಟಿ ಹಾಕಿದ್ದಾರೆ ಎಂಬ ಸಿಟ್ಟು ಬ್ರಿಟನ್ನಿನಲ್ಲೇ ಇದೆ, ಅದು ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2017ರ ಫೆಬ್ರವರಿಯ ತೀರ್ಪು ಕನಿಷ್ಠ ಆದಾಯದ ನಿಯಮವನ್ನು ತಾತ್ವಿಕವಾಗಿ ಎತ್ತಿಹಿಡಿಯಿತು. ಆದರೆ ಮಕ್ಕಳ ಹಿತವನ್ನು ಅದು ಸರಿಯಾಗಿ ಗಣಿಸಿಲ್ಲ, ಬೇರೆ ಮೂಲದ ಹಣವನ್ನು ನೋಡುವ ರೀತಿ ತೀರಾ ಬಿಗಿ ಎಂದಿತು. ಅದೇ ವರ್ಷ ನಿಯಮ ಸಡಿಲವಾಗಿ, ಅಸಾಧಾರಣ ಸಂದರ್ಭಗಳಲ್ಲಿ ಹೆತ್ತವರಂಥ ಮೂರನೆಯವರ ನಂಬಲರ್ಹ ನೆರವನ್ನೂ ಪರಿಗಣಿಸಬಹುದೆಂದಾಯಿತು. ಅದು ಬಾಗಿಲಲ್ಲ, ಕಿಟಕಿ. ಅದನ್ನೇ ನಂಬಿ ಅರ್ಜಿ ಹಾಕುವುದು ಜಾಣತನವಲ್ಲ. ನನ್ನ ಮಟ್ಟಿಗೆ, ಮೊತ್ತ ಹೆಚ್ಚಾಯಿತು ಎಂಬ ದೂರು ನಿಲ್ಲುತ್ತದೆ. ಹೆಸರು ಮತ್ತು ಅವಧಿ ಕೇಳುವುದೇ ತಪ್ಪು ಎಂಬ ದೂರು ನಿಲ್ಲುವುದಿಲ್ಲ. ಹೊಸ ದೇಶದಲ್ಲಿ ಮೊದಲ ಚಳಿಗಾಲ ಕಳೆಯುವ ಹೆಣ್ಣುಮಗಳಿಗೆ ತನ್ನ ಹೆಸರಿನ ಹಣಕ್ಕೂ ತನ್ನ ಹೆಸರಿಲ್ಲದ ಹಣಕ್ಕೂ ಇರುವ ವ್ಯತ್ಯಾಸ ವೀಸಾ ಅಧಿಕಾರಿಗಿಂತ ಬೇಗ ತಿಳಿಯುತ್ತದೆ.

ಜಂಟಿ ಖಾತೆ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿಗೆ ಹೋದ ಮೇಲೆ. ಎರಡೂವರೆ ವರ್ಷದ ನಂತರ ವೀಸಾ ಮುಂದುವರಿಸುವಾಗ ದಂಪತಿ ಒಂದೇ ಸೂರಿನಡಿ ಬಾಳುತ್ತಿದ್ದಾರೆಯೇ ಎಂದು ನೋಡುತ್ತಾರೆ. ಆಗ ಲಕ್ಷಗಳ ಠೇವಣಿಗಿಂತ ಮನೆ ಬಾಡಿಗೆ, ಕರೆಂಟು ಬಿಲ್ಲು, ಶನಿವಾರದ ದಿನಸಿ ಕಡಿತವಾದ ಸಾಲುಗಳು ಹೆಚ್ಚು ಮಾತಾಡುತ್ತವೆ. ಆದಾಯದ ಲೆಕ್ಕವೂ ಆಗ ಬದಲಾಗುತ್ತದೆ. ಮೊದಲ ಅರ್ಜಿಯಲ್ಲಿ ಹೆಂಡತಿಯ ಬೆಂಗಳೂರಿನ ಸಂಬಳ, ಅದು ಗಂಡನ ಸಂಬಳಕ್ಕಿಂತ ದೊಡ್ಡದಿದ್ದರೂ, ಒಂದು ಪೈಸೆಯೂ ಎಣಿಕೆಗೆ ಬರುವುದಿಲ್ಲ. ಅದರಿಂದ ಆಕೆ ಉಳಿಸಿಟ್ಟದ್ದು ಮಾತ್ರ ಬರುತ್ತದೆ. ಅಲ್ಲಿ ಕೆಲಸಕ್ಕೆ ಸೇರಿ ಆಕೆ ಪಡೆಯುವ ಸಂಬಳ ಮುಂದಿನ ಅರ್ಜಿಯ 29,000 ಪೌಂಡಿಗೆ ಸೇರುತ್ತದೆ, ಅದು ಜಂಟಿ ಖಾತೆಗೆ ಜಮೆಯಾದರೂ ಸರಿ, ಆಕೆಯೊಬ್ಬಳ ಖಾತೆಗಾದರೂ ಸರಿ.